ಬಿಳಿ ರಕ್ತಕಣದೊಳಗೆ ಕಿಣ್ವಗಳು ಎಲ್ಲೆಲ್ಲಿವೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಸಕಲೇಶಪುರ, ಬೇಲೂರು, ಚಿಕ್ಕಮಗಳೂರು ಕಡೆಯ ಎಂಎಲ್‌ಟಿ (ಲ್ಯಾಬ್ ತಂತ್ರಜ್ಞಾನ) ಮತ್ತು ನರ್ಸಿಂಗ್ ವಿದ್ಯಾರ್ಥಿಗಳು, ತಾಲ್ಲೂಕು ಮಟ್ಟದ ಲ್ಯಾಬ್‌ಗಳಲ್ಲಿ ಸ್ಲೈಡ್ ನೋಡುವವರು, ಕೈಯಲ್ಲಿ ವರದಿ ಹಿಡಿದು ಬಂದ ಮನೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಯಾವ ಕಣದಲ್ಲಿ ಯಾವ ಕಿಣ್ವ ಎಂಬ ಪಟ್ಟಿಯನ್ನು ಪರೀಕ್ಷೆಗೆ ಬಾಯಿಪಾಠ ಮಾಡುವವರು ಬಹಳ. ಆದರೆ ಆ ಕಿಣ್ವ ಕಣದೊಳಗೆ ಯಾವ ಜಾಗದಲ್ಲಿದೆ ಎಂದು ತಿಳಿಯದೆ ಹೋದರೆ ಸ್ಟೇನ್, ಅಂದರೆ ಸ್ಲೈಡಿಗೆ ಹಾಕುವ ಬಣ್ಣ, ಏಕೆ ಹಿಡಿಯಲಿಲ್ಲ, ಯಾವ ಟ್ಯೂಬಿಗೆ ರಕ್ತ ಹಾಕಬೇಕು, ವರದಿ ಏಕೆ ತಪ್ಪಿತು ಎಂಬುದು ಅರ್ಥವಾಗುವುದಿಲ್ಲ. ಹಾಗಾಗಿ ಇಲ್ಲಿ ಜಾಗದ ಲೆಕ್ಕವನ್ನೇ ಮುಂದಿಟ್ಟಿದ್ದೇವೆ.

ಬಿಳಿ ರಕ್ತಕಣದಲ್ಲಿ ಕಿಣ್ವ ಇರುವ ಜಾಗಗಳು ಯಾವುವು?

ಹೊರಗಿನಿಂದ ಒಳಕ್ಕೆ ಬರೋಣ. ಮೊದಲು ಕಣದ ಹೊರಪೊರೆ. ಅದರ ಮೇಲ್ಮೈಯಲ್ಲೇ ಕೆಲಸ ಮಾಡುವ ಕಿಣ್ವಗಳಿವೆ. ಪೊರೆಯ ಒಳಗಿನ ತಿಳಿದ್ರವ, ಅಂದರೆ ಸೈಟೋಸಾಲ್, ಎರಡನೆಯದು. ಸಕ್ಕರೆ ಒಡೆಯುವ ಕಿಣ್ವಗಳೆಲ್ಲ ಅಲ್ಲೇ. ಮೂರನೆಯದು ಗ್ರ್ಯಾನ್ಯೂಲ್‌ಗಳು, ಅಂದರೆ ಪೊರೆ ಸುತ್ತಿದ ಸಣ್ಣ ಸಣ್ಣ ಚೀಲಗಳು. ಹಳೆಯ ವಸ್ತುವನ್ನು ಅರಗಿಸುವ ಲೈಸೋಸೋಮ್‌ಗಳು ಬೇರೆ. ಮೈಟೋಕಾಂಡ್ರಿಯಾಕ್ಕೂ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ಮಿಗೂ ಅವುಗಳದೇ ಕಿಣ್ವಗಳಿವೆ. ಕೊನೆಗೆ ಕೋಶಕೇಂದ್ರ, ಅಲ್ಲಿಯೂ ಕಿಣ್ವವಿದೆ ಎಂಬುದನ್ನು ಹಲವರು ಮರೆತೇಬಿಡುತ್ತಾರೆ.

ಇವುಗಳಲ್ಲಿ ರೋಗ ಪತ್ತೆಗೆ ಹೆಚ್ಚು ನೆರವಾಗುವುದು ಗ್ರ್ಯಾನ್ಯೂಲ್‌ಗಳು. ಆದ್ದರಿಂದ ಅವುಗಳಿಗೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇವೆ.

ಗ್ರ್ಯಾನ್ಯೂಲ್ ಅಂದರೂ ಲೈಸೋಸೋಮ್ ಅಂದರೂ ಒಂದೇ ಅಲ್ಲವೇ?

ಅಲ್ಲ. ಕ್ರಿಶ್ಚಿಯನ್ ಡಿ ಡ್ಯೂವ್ 1955ರಲ್ಲಿ ಲೈಸೋಸೋಮನ್ನು ಗುರುತಿಸಿದ್ದು ಇಲಿಯ ಯಕೃತ್ತಿನಲ್ಲಿ. 1960ರಲ್ಲಿ ಜ್ಯಾನ್‌ವಿಲ್ ಕೋನ್ ಮತ್ತು ಜೇಮ್ಸ್ ಹರ್ಷ್ ಮೊಲದ ನ್ಯೂಟ್ರೋಫಿಲ್‌ಗಳೆಂಬ ಬಿಳಿ ರಕ್ತಕಣಗಳಿಂದ ಗ್ರ್ಯಾನ್ಯೂಲ್‌ಗಳನ್ನು ಬೇರ್ಪಡಿಸಿ, ಅವುಗಳಲ್ಲೂ ಆಸಿಡ್ ಫಾಸ್ಫಟೇಸ್‌ನಂಥ ಕಿಣ್ವಗಳಿವೆ ಎಂದು ತೋರಿಸಿದರು. ಆಗ ಗ್ರ್ಯಾನ್ಯೂಲ್‌ಗಳೆಂದರೆ ಲೈಸೋಸೋಮ್‌ಗಳೇ ಎಂಬ ಮಾತು ಹರಡಿತು. 1966ರಲ್ಲಿ ಡೊರೊಥಿ ಬೇಂಟನ್ ಮತ್ತು ಮರಿಲಿನ್ ಫಾರ್ಕ್ವಾರ್, ರಕ್ತಕಣಗಳು ಹುಟ್ಟುವ ಮೂಳೆಯ ಮಜ್ಜೆಯಲ್ಲಿ ಬೇರೆ ಬೇರೆ ಹಂತಗಳಲ್ಲಿ ಬೇರೆ ಬೇರೆ ಬಗೆಯ ಗ್ರ್ಯಾನ್ಯೂಲ್ ಹುಟ್ಟುತ್ತವೆ ಎಂಬುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು.

ಇಂದು ನಮಗೆ ತಿಳಿದಿರುವಂತೆ ನ್ಯೂಟ್ರೋಫಿಲ್‌ನ ಅಜುರೋಫಿಲ್ ಎಂಬ, ಮೊದಲು ಹುಟ್ಟುವ ಬಗೆಯ ಗ್ರ್ಯಾನ್ಯೂಲ್‌ನಲ್ಲಿ ಲೈಸೋಸೋಮಿನ ಕಿಣ್ವಗಳು ಇದ್ದರೂ ಲೈಸೋಸೋಮಿನ ಪೊರೆಯ ಗುರುತಾದ ಲ್ಯಾಂಪ್ ಪ್ರೋಟೀನ್‌ಗಳಿಲ್ಲ. ಲೈಸೋಸೋಮ್ ಇರುವುದು ಮುಖ್ಯವಾಗಿ ಅರಗಿಸುವುದಕ್ಕೆ. ಗ್ರ್ಯಾನ್ಯೂಲ್ ಇರುವುದು ಕೂಡಿಟ್ಟುಕೊಂಡು, ಬೇಕಾದಾಗ ಸುರಿಯುವುದಕ್ಕೆ.

ನ್ಯೂಟ್ರೋಫಿಲ್‌ನಲ್ಲಿ ಎಷ್ಟು ಬಗೆಯ ಗ್ರ್ಯಾನ್ಯೂಲ್‌ಗಳಿವೆ? ಯಾವುದರಲ್ಲಿ ಏನಿದೆ?

ಬಿಳಿಕಣಗಳ ಬಗೆವಾರು ಎಣಿಕೆಯಾದ ಡಿಸಿ ವರದಿಯಲ್ಲಿ ನೂರಕ್ಕೆ 40ರಿಂದ 70 ಇರುವ ಈ ಕಣದಲ್ಲಿ ನಾಲ್ಕು ಬಗೆಯ ಸಂಗ್ರಹಗಳಿವೆ. ಮೂರು ಗ್ರ್ಯಾನ್ಯೂಲ್‌ಗಳು, ಒಂದು ಹಗುರ ಕಿರುಚೀಲ.

ಮೊದಲು ಹುಟ್ಟುವುದು ಅಜುರೋಫಿಲ್ ಅಥವಾ ಪ್ರಾಥಮಿಕ ಗ್ರ್ಯಾನ್ಯೂಲ್. ಮಜ್ಜೆಯಲ್ಲಿ ಕಣವಿನ್ನೂ ಪ್ರೋಮೈಲೋಸೈಟ್ ಎಂಬ ಎಳೆಯ ಹಂತದಲ್ಲಿರುವಾಗ ಇವು ತುಂಬಿಕೊಳ್ಳುತ್ತವೆ. ಇದರಲ್ಲಿರುವ ದೊಡ್ಡ ಹೆಸರು ಮೈಲೋಪೆರಾಕ್ಸಿಡೇಸ್, ಲ್ಯಾಬ್ ಮಾತಿನಲ್ಲಿ ಎಂಪಿಒ. ನ್ಯೂಟ್ರೋಫಿಲ್‌ನ ಒಣತೂಕದಲ್ಲಿ ನೂರಕ್ಕೆ ಸುಮಾರು 5 ಪಾಲು ಇದೊಂದೇ ಕಿಣ್ವ. ಜೊತೆಗೆ ಪ್ರೋಟೀನ್ ಕತ್ತರಿಸುವ ಎಲಾಸ್ಟೇಸ್, ಕ್ಯಾಥೆಪ್ಸಿನ್ ಜಿ, ಪ್ರೋಟೀನೇಸ್ 3. ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಲೈಸೋಜೈಮ್. ಆಮ್ಲದಲ್ಲಿ ಕೆಲಸ ಮಾಡುವ ಬೀಟಾ ಗ್ಲುಕುರೋನಿಡೇಸ್, ಆಸಿಡ್ ಫಾಸ್ಫಟೇಸ್ ಮುಂತಾದವು. ಬ್ಯಾಕ್ಟೀರಿಯಾ ಕೊಲ್ಲುವ ಡಿಫೆನ್ಸಿನ್ ಕೂಡ ಇಲ್ಲೇ ಇದೆ, ಆದರೆ ಅದು ಕಿಣ್ವವಲ್ಲ.

ಮೈಲೋಸೈಟ್ ಹಂತಕ್ಕೆ ಬಂದಾಗ ಸ್ಪೆಸಿಫಿಕ್ ಅಥವಾ ದ್ವಿತೀಯಕ ಗ್ರ್ಯಾನ್ಯೂಲ್‌ಗಳು ಹುಟ್ಟುತ್ತವೆ. ಲೈಸೋಜೈಮ್ ಇಲ್ಲೂ ಇದೆ. ಕೊಲಾಜಿನೇಸ್, ಅಂದರೆ ಎಂಎಂಪಿ 8, ಇಲ್ಲಿನದು. ಕಬ್ಬಿಣ ಹಿಡಿದಿಡುವ ಲ್ಯಾಕ್ಟೋಫೆರಿನ್ ಈ ಗ್ರ್ಯಾನ್ಯೂಲ್‌ನ ಗುರುತು, ಅದೂ ಕಿಣ್ವವಲ್ಲ. ಪರೀಕ್ಷೆಯಲ್ಲಿ ಲ್ಯಾಕ್ಟೋಫೆರಿನ್ನನ್ನು ಕಿಣ್ವವೆಂದು ಬರೆದು ಅಂಕ ಕಳೆದುಕೊಳ್ಳಬೇಡಿ. ಈ ಗ್ರ್ಯಾನ್ಯೂಲ್‌ನ ಪೊರೆಯಲ್ಲೇ ಸೈಟೋಕ್ರೋಮ್ ಬಿ558 ಹುದುಗಿದೆ, ಅದರ ಮಾತು ಮುಂದೆ ಬರುತ್ತದೆ.

ಮೆಟಾಮೈಲೋಸೈಟ್ ಮತ್ತು ಬ್ಯಾಂಡ್ ಹಂತದಲ್ಲಿ ಮೂರನೆಯ ಬಗೆ, ಜೆಲಾಟಿನೇಸ್ ಗ್ರ್ಯಾನ್ಯೂಲ್. ಹೆಸರೇ ಹೇಳುವಂತೆ ಜೆಲಾಟಿನೇಸ್, ಅಂದರೆ ಎಂಎಂಪಿ 9, ಇದರಲ್ಲಿದೆ. ಎಲ್ಲಕ್ಕಿಂತ ಕೊನೆಗೆ, ಕಣ ಬಲಿತ ಮೇಲೆ, ತನ್ನ ಹೊರಪೊರೆಯನ್ನೇ ಒಳಕ್ಕೆ ಚಿವುಟಿಕೊಂಡು ಸ್ರಾವದ ಕಿರುಚೀಲಗಳನ್ನು ಮಾಡಿಕೊಳ್ಳುತ್ತದೆ. ಆಲ್ಕಲೈನ್ ಫಾಸ್ಫಟೇಸ್ ಇರುವುದು ಈ ಕಿರುಚೀಲಗಳ ಪೊರೆಯಲ್ಲಿ.

ಯಾವ ಕಿಣ್ವ ಯಾವ ಚೀಲಕ್ಕೆ ಹೋಗಬೇಕು ಎಂದು ತೀರ್ಮಾನವಾಗುವುದು ಹೇಗೆ? ಬಹುಮಟ್ಟಿಗೆ ಹೊತ್ತು ನೋಡಿ. ಆ ಕಿಣ್ವದ ಜೀನ್ ಯಾವ ಹಂತದಲ್ಲಿ ಚಾಲೂ ಇರುತ್ತದೋ, ಆಗ ತಯಾರಾಗುತ್ತಿರುವ ಚೀಲಕ್ಕೆ ಅದು ಬೀಳುತ್ತದೆ. ಕಾಫಿ ಕೊಯ್ಲಿನಲ್ಲಿ ಮೊದಲ ಕೊಯ್ಲಿನ ಹಣ್ಣು ಒಂದು ಚೀಲಕ್ಕೆ, ಕೊನೆಯ ಉದುರು ಇನ್ನೊಂದು ಚೀಲಕ್ಕೆ ಹೋಗುವ ಹಾಗೆ. ಎಂಪಿಒ ತಯಾರಿಕೆ ಪ್ರೋಮೈಲೋಸೈಟ್ ಹಂತ ಮುಗಿಯುತ್ತಿದ್ದಂತೆ ನಿಂತುಹೋಗುತ್ತದೆ, ಆಮೇಲಿನದೆಲ್ಲ ಕೂಡಿಟ್ಟದ್ದೇ.

ಇವೆಲ್ಲ ನಮ್ಮ ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಕಾಣುತ್ತವೆಯೇ?

ಎಲ್ಲವೂ ಕಾಣುವುದಿಲ್ಲ. ಎಣ್ಣೆ ಹಾಕಿ 100ರ ಲೆನ್ಸಿನಲ್ಲಿ ನೋಡಿದರೂ ಸುಮಾರು 0.2 ಮೈಕ್ರಾನಿಗಿಂತ ಚಿಕ್ಕದು ಬೇರ್ಪಟ್ಟು ಕಾಣದು. ಸ್ಪೆಸಿಫಿಕ್ ಗ್ರ್ಯಾನ್ಯೂಲ್‌ಗಳು ಆ ಅಂಚಿನಲ್ಲೇ ಇವೆ. ಹಾಗಾಗಿ ರಕ್ತದ ಸ್ಲೈಡಿಗೆ ಮಾಮೂಲಾಗಿ ಹಾಕುವ ಲೀಶ್ಮನ್ ಸ್ಟೇನಿನಲ್ಲಿ ಅವು ಒಟ್ಟಾರೆ ತೆಳು ಗುಲಾಬಿ ಛಾಯೆಯಾಗಿ ಕಾಣುತ್ತವೆ. ಜೋರು ಸೋಂಕಿದ್ದಾಗ ಕಾಣುವ ದಪ್ಪ ನೇರಳೆ ಚುಕ್ಕೆಗಳು, ನಾವು ಟಾಕ್ಸಿಕ್ ಗ್ರ್ಯಾನ್ಯುಲೇಶನ್ ಎಂದು ಬರೆಯುವವು, ಅಜುರೋಫಿಲ್ ಗ್ರ್ಯಾನ್ಯೂಲ್‌ಗಳೇ. ಮಜ್ಜೆ ಅವಸರದಲ್ಲಿ ಕಣಗಳನ್ನು ಹೊರಗೆ ಕಳಿಸಿದಾಗ ಅವು ಬಣ್ಣ ಹಿಡಿಯುವ ಗುಣ ಉಳಿಸಿಕೊಂಡಿರುತ್ತವೆ.

ಸೋಂಕು ಬಂದಾಗ ಯಾವ ಚೀಲ ಮೊದಲು ಖಾಲಿಯಾಗುತ್ತದೆ?

ಹುಟ್ಟಿದ ಕ್ರಮಕ್ಕೆ ನೇರ ಉಲ್ಟಾ. ಕೊನೆಗೆ ಹುಟ್ಟಿದ ಕಿರುಚೀಲ ಮೊದಲು ಹೊರಪೊರೆಗೆ ಸೇರುತ್ತದೆ, ನಂತರ ಜೆಲಾಟಿನೇಸ್, ಆಮೇಲೆ ಸ್ಪೆಸಿಫಿಕ್, ಎಲ್ಲಕ್ಕಿಂತ ಕಡೆಗೆ ಅಜುರೋಫಿಲ್.

ಈ ಕ್ರಮಕ್ಕೆ ಅರ್ಥವಿದೆ. ರಕ್ತನಾಳದ ಗೋಡೆಗೆ ಅಂಟಿಕೊಳ್ಳುವಾಗ ಬೇಕಾದ ಗ್ರಾಹಕಗಳು ಕಿರುಚೀಲದಲ್ಲಿವೆ, ಅದನ್ನು ತೆರೆದರೆ ಯಾರಿಗೂ ಹಾನಿಯಿಲ್ಲ. ಗೋಡೆ ದಾಟಿ ಅಂಗಾಂಶಕ್ಕೆ ನುಗ್ಗುವಾಗ ದಾರಿ ಬಿಡಿಸಲು ಜೆಲಾಟಿನೇಸ್ ಬೇಕು. ಎಲಾಸ್ಟೇಸ್, ಎಂಪಿಒ ತುಂಬಿದ ಅಜುರೋಫಿಲ್ ಚೀಲವನ್ನು ಬ್ಯಾಕ್ಟೀರಿಯಾ ನುಂಗಿದ ಮೇಲೆ, ಅದನ್ನು ಕೂಡಿಹಾಕಿದ ಫಾಗೋಸೋಮ್ ಎಂಬ ಗುಳ್ಳೆಯೊಳಕ್ಕೆ ಸುರಿಯಬೇಕು. ಅದು ಹೊರಗೆ ಚೆಲ್ಲಿದರೆ ನಮ್ಮ ಅಂಗಾಂಶವೇ ಕರಗುತ್ತದೆ.

ಆಮ್ಲಜನಕ ಬಳಸಿ ಬ್ಯಾಕ್ಟೀರಿಯಾ ಕೊಲ್ಲುವ ಕಿಣ್ವ ಎಲ್ಲಿದೆ?

ಅದು ಎನ್‌ಎಡಿಪಿಎಚ್ ಆಕ್ಸಿಡೇಸ್. ಸುಮ್ಮನಿರುವ ಕಣದಲ್ಲಿ ಇದು ಇಡಿಯಾಗಿ ಎಲ್ಲಿಯೂ ಇಲ್ಲ. ಎರಡು ಭಾಗ, ಜಿಪಿ91 ಮತ್ತು ಪಿ22, ಪೊರೆಯಲ್ಲಿವೆ. ಇವೆರಡೂ ಸೇರಿದ್ದೇ ಮೇಲೆ ಹೇಳಿದ ಸೈಟೋಕ್ರೋಮ್ ಬಿ558, ಹೆಚ್ಚಿನ ಪಾಲು ಸ್ಪೆಸಿಫಿಕ್ ಗ್ರ್ಯಾನ್ಯೂಲ್‌ನ ಪೊರೆಯಲ್ಲಿ. ಉಳಿದ ಪಿ47, ಪಿ67, ಪಿ40 ಮತ್ತು ರ‍್ಯಾಕ್ 2 ಸೈಟೋಸಾಲಿನಲ್ಲಿ ಓಡಾಡಿಕೊಂಡಿರುತ್ತವೆ. ಬ್ಯಾಕ್ಟೀರಿಯಾ ಸಿಕ್ಕಾಗ ಇವು ಪೊರೆಗೆ ಬಂದು ಜೋಡಣೆಯಾಗುತ್ತವೆ, ಆಗಲೇ ಕಿಣ್ವ ಚಾಲೂ. ಅದು ಸೂಪರ್‌ಆಕ್ಸೈಡ್ ಮಾಡುತ್ತದೆ, ಸೂಪರ್‌ಆಕ್ಸೈಡ್ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ, ಎಂಪಿಒ ಅದಕ್ಕೆ ಕ್ಲೋರೈಡ್ ಸೇರಿಸಿ ಹೈಪೋಕ್ಲೋರಸ್ ಆಮ್ಲ ಮಾಡುತ್ತದೆ. ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೊಲ್ಲುವ ಕೆಲಸ ಮಾಡುವುದೂ ಇದೇ ಆಮ್ಲ.

ಈ ಜೋಡಣೆಯ ಒಂದು ಭಾಗ ಹುಟ್ಟಿನಿಂದಲೇ ಕೆಟ್ಟಿದ್ದರೆ ಕ್ರಾನಿಕ್ ಗ್ರ್ಯಾನ್ಯುಲೋಮ್ಯಾಟಸ್ ಡಿಸೀಸ್ ಬರುತ್ತದೆ. ಮಗುವಿಗೆ ಮತ್ತೆ ಮತ್ತೆ ಕೀವುಗಡ್ಡೆ, ಶ್ವಾಸಕೋಶದ ಸೋಂಕು, ಫಂಗಸ್. ಟಿಸಿ (ಒಟ್ಟು ಬಿಳಿಕಣ ಎಣಿಕೆ), ಡಿಸಿ ನೋಡಿದರೆ ಎಲ್ಲ ಸರಿಯಿದ್ದಂತೆ, ಕೆಲವೊಮ್ಮೆ ಹೆಚ್ಚೇ ಇದ್ದಂತೆ ಕಾಣುತ್ತದೆ. ಕಣವಿದೆ, ಅದರೊಳಗಿನ ಕಿಣ್ವ ಜೋಡಣೆಯಾಗುತ್ತಿಲ್ಲ. ಎನ್‌ಬಿಟಿ ಪರೀಕ್ಷೆಯಲ್ಲಿ ಸರಿಯಾದ ನ್ಯೂಟ್ರೋಫಿಲ್ ಹಳದಿ ಬಣ್ಣವನ್ನು ಕಡುನೀಲಿ ಮಾಡುತ್ತದೆ, ರೋಗದ ಕಣ ಮಾಡುವುದಿಲ್ಲ. ಈಗ ಕಣಗಳನ್ನು ಒಂದೊಂದಾಗಿ ಹರಿಸಿ ಲೇಸರ್ ಬೆಳಕಿನಲ್ಲಿ ನೋಡುವ ಫ್ಲೋ ಸೈಟೋಮೀಟರಿನಲ್ಲಿ ಮಾಡುವ ಡಿಎಚ್‌ಆರ್ ಪರೀಕ್ಷೆ ಹೆಚ್ಚು ನಂಬಿಕೆಯದು. ಎರಡಕ್ಕೂ ಜೀವಂತ ಕಣ ಬೇಕು. ನಿನ್ನೆಯ ಉಳಿದ ರಕ್ತ ಕಳಿಸಿದರೆ ಚೆನ್ನಾಗಿರುವ ಮಗುವಿಗೂ ರೋಗದ ಹಣೆಪಟ್ಟಿ ಬೀಳಬಹುದು. ಅದಕ್ಕೇ ಅದೇ ಹೊತ್ತಿಗೆ ತೆಗೆದ ಆರೋಗ್ಯವಂತರೊಬ್ಬರ ರಕ್ತವನ್ನೂ ಜೊತೆಗೆ ಕಳಿಸುವುದು.

ಇಷ್ಟೊಂದು ಕತ್ತರಿಸುವ ಕಿಣ್ವಗಳಿದ್ದೂ ಕಣ ತನ್ನನ್ನೇ ಏಕೆ ಅರಗಿಸಿಕೊಳ್ಳುವುದಿಲ್ಲ?

ಕಾವಲು ಒಂದಲ್ಲ, ನಾಲ್ಕು ಸುತ್ತು. ಚೀಲದ ಪೊರೆ ಮೊದಲನೆಯದು. ಚೀಲದೊಳಗಿನ ಆಮ್ಲತೆ ಎರಡನೆಯದು: ಅಲ್ಲಿ ಪಿಎಚ್ ಸುಮಾರು 5.5, ಎಲಾಸ್ಟೇಸ್ ಚುರುಕಾಗುವುದು 7.5ರ ಆಸುಪಾಸಿನಲ್ಲಿ. ಅದೂ ಅಲ್ಲದೆ ಕಿಣ್ವಗಳು ಸರ್ಗ್ಲೈಸಿನ್ ಎಂಬ ಋಣವಿದ್ಯುತ್ತಿನ ಜಾಲಕ್ಕೆ ಅಂಟಿಕೊಂಡಿರುತ್ತವೆ. ನಾಲ್ಕನೆಯದಾಗಿ, ಚೀಲ ಅಕಸ್ಮಾತ್ ಸೋರಿದರೆ ತಡೆಯಲು ಸೈಟೋಸಾಲಿನಲ್ಲಿ ಸರ್ಪಿನ್ ಬಿ1 ಎಂಬ ಪ್ರತಿಬಂಧಕ ಕಾದಿರುತ್ತದೆ.

ಕಣದ ಹೊರಗೆ ಎಲಾಸ್ಟೇಸ್‌ಗೆ ಕಡಿವಾಣ ಹಾಕುವುದು ಯಕೃತ್ತಿನಲ್ಲಿ ತಯಾರಾಗುವ ಆಲ್ಫಾ 1 ಆಂಟಿಟ್ರಿಪ್ಸಿನ್. ಬೀಡಿ, ಸಿಗರೇಟಿನ ಹೊಗೆ ಅದರ ಒಂದು ಮೆಥಿಯೋನಿನ್ ಅಮೈನೋ ಆಮ್ಲವನ್ನು ಉತ್ಕರ್ಷಿಸಿ ಅದನ್ನು ನಿಷ್ಪ್ರಯೋಜಕ ಮಾಡುತ್ತದೆ. ಹೊಗೆ ಎಳೆಯುವವರ ಶ್ವಾಸಕೋಶದ ಗೂಡುಗಳು ಒಡೆದು ಎಂಫಿಸೀಮಾ ಬರುವುದರಲ್ಲಿ ಹತೋಟಿ ತಪ್ಪಿದ ಈ ಎಲಾಸ್ಟೇಸ್‌ನ ಪಾಲು ದೊಡ್ಡದು. ಉಸಿರಾಟದ ತೊಂದರೆಯವರಿಗೆ ಬೀಡಿ ಬಿಡಿ ಎಂದು ಹೇಳುವಾಗ ಈ ಕಾರಣವನ್ನೂ ಬಿಡಿಸಿ ಹೇಳಿ.

ಕೀವು ಹಸಿರಾಗಿರುವುದು ಏಕೆ?

ಎಂಪಿಒ ಹಸಿರು ಬಣ್ಣದ ಕಿಣ್ವ, ಅದರೊಳಗಿನ ಹೀಮ್ ಆ ಬಣ್ಣ ಕೊಡುತ್ತದೆ. 1941ರಲ್ಲಿ ಕೆಲ್ ಆಗ್ನರ್ ಇದನ್ನು ಶುದ್ಧಗೊಳಿಸಿದಾಗ ಬಣ್ಣ ನೋಡಿಯೇ ವರ್ಡೋಪೆರಾಕ್ಸಿಡೇಸ್ ಎಂದು ಕರೆದಿದ್ದರು. ಹಸಿರು ಕಫ ಎಂದರೆ ಅಲ್ಲಿ ನ್ಯೂಟ್ರೋಫಿಲ್‌ಗಳು ಬಹಳ ಸೇರಿವೆ ಎಂದಷ್ಟೇ ಅರ್ಥ. ಬಣ್ಣ ಮಾತ್ರ ನೋಡಿ ಆಂಟಿಬಯೋಟಿಕ್ ಬರೆಸಿಕೊಳ್ಳಬೇಡಿ.

ಇಯೋಸಿನೋಫಿಲ್‌ನ ಕೆಂಪು ಗ್ರ್ಯಾನ್ಯೂಲ್‌ನಲ್ಲಿ ಏನಿದೆ?

ತೋಟದ ಕೆಲಸದಲ್ಲಿ ಬರಿಗಾಲಲ್ಲಿ ಓಡಾಡುವವರಲ್ಲಿ ಕೊಕ್ಕೆಹುಳದಿಂದ ಇಯೋಸಿನೋಫಿಲ್ ಎಂಬ ಬಿಳಿಕಣ ಏರುವುದು ನಮ್ಮ ಮಲೆನಾಡಿನ ಲ್ಯಾಬ್‌ಗಳಿಗೆ ಹೊಸದಲ್ಲ. ಮೈಕ್ರೋಲೀಟರಿಗೆ 500ಕ್ಕಿಂತ ಹೆಚ್ಚಾದರೆ ಇಯೋಸಿನೋಫಿಲಿಯಾ ಎನ್ನುತ್ತೇವೆ.

ಇದರ ಗ್ರ್ಯಾನ್ಯೂಲ್‌ಗೆ ಎರಡು ವಲಯಗಳಿವೆ. ನಡುವೆ ಹರಳಿನಂಥ ತಿರುಳು. ಅದು ಮೇಜರ್ ಬೇಸಿಕ್ ಪ್ರೋಟೀನ್, ಕಿಣ್ವವಲ್ಲ. ಸುತ್ತಲಿನ ಭಾಗದಲ್ಲಿ ಇಯೋಸಿನೋಫಿಲ್ ಪೆರಾಕ್ಸಿಡೇಸ್, ಮತ್ತು ಆರ್‌ಎನ್‌ಎ ಕತ್ತರಿಸುವ ಎರಡು ಪ್ರೋಟೀನ್‌ಗಳು, ಇಡಿಎನ್ ಮತ್ತು ಇಸಿಪಿ. ಇಲ್ಲಿನ ಪೆರಾಕ್ಸಿಡೇಸ್ ಎಂಪಿಒ ಅಲ್ಲ. ಜೀನ್ ಬೇರೆ, ಒಲವೂ ಬೇರೆ. ಕ್ಲೋರೈಡಿಗಿಂತ ಬ್ರೋಮೈಡನ್ನು ಹೆಚ್ಚು ಬಳಸುತ್ತದೆ. ಪೆರಾಕ್ಸಿಡೇಸ್ ಸ್ಟೇನಿನಲ್ಲಿ ಎರಡೂ ಕಂದಾಗುತ್ತವೆ, ಆದ್ದರಿಂದ ಎಂಪಿಒ ಹುಟ್ಟಿನಿಂದ ಇಲ್ಲದವರ ಸ್ಲೈಡಿನಲ್ಲೂ ಇಯೋಸಿನೋಫಿಲ್ ಮಾತ್ರ ಬಣ್ಣ ಹಿಡಿಯುತ್ತದೆ. ಕಫದಲ್ಲಿ, ಮಲದಲ್ಲಿ ಕಾಣುವ ಚೂಪು ಚಾರ್ಕಾಟ್ ಲೇಡನ್ ಹರಳುಗಳು ಗ್ರ್ಯಾನ್ಯೂಲ್‌ನಿಂದ ಬಂದವಲ್ಲ, ಸೈಟೋಸಾಲಿನ ಗ್ಯಾಲೆಕ್ಟಿನ್ 10 ಗಟ್ಟಿಯಾದದ್ದು. ಹಳೆಯ ಪುಸ್ತಕಗಳಲ್ಲಿ ಅದನ್ನು ಲೈಸೋಫಾಸ್ಫೋಲಿಪೇಸ್ ಎಂಬ ಕಿಣ್ವವೆಂದು ಬರೆದಿರುವುದುಂಟು.

ಬೇಸೋಫಿಲ್ ಎಂಬ ಬಿಳಿಕಣದಲ್ಲಿ ಯಾವ ಕಿಣ್ವವಿದೆ?

ಹಿಸ್ಟಮಿನ್ ತಯಾರಿಸುವ ಹಿಸ್ಟಿಡಿನ್ ಡಿಕಾರ್ಬಾಕ್ಸಿಲೇಸ್ ಇದೆ. ಟ್ರಿಪ್ಟೇಸ್ ಬಹಳ ಕಡಿಮೆ. ಅದು ಅಂಗಾಂಶದ ಮಾಸ್ಟ್ ಕಣದ ಸೊತ್ತು.

ಮೋನೋಸೈಟ್ ಗುರುತಿಸಲು ಎಸ್ಟರೇಸ್ ಸ್ಟೇನ್ ಏಕೆ?

ಮೋನೋಸೈಟ್‌ನಲ್ಲಿ ಎಂಪಿಒ ಇದೆ, ಆದರೆ ಸಣ್ಣ ಗ್ರ್ಯಾನ್ಯೂಲ್‌ಗಳಲ್ಲಿ ಚದುರಿಕೊಂಡು, ಅದೂ ಕಡಿಮೆ. ಕಣ ಅಂಗಾಂಶಕ್ಕೆ ಹೋಗಿ ಮ್ಯಾಕ್ರೋಫೇಜ್ ಆದಮೇಲೆ ಅದೂ ಉಳಿಯದು, ಬದಲಿಗೆ ಲೈಸೋಸೋಮ್‌ಗಳು ಹೆಚ್ಚುತ್ತವೆ. ಆದ್ದರಿಂದ ಆಲ್ಫಾ ನ್ಯಾಫ್ತೈಲ್ ಅಸಿಟೇಟ್ ಅಥವಾ ಬ್ಯುಟಿರೇಟ್ ಒಡೆಯುವ ನಾನ್‌ಸ್ಪೆಸಿಫಿಕ್ ಎಸ್ಟರೇಸನ್ನು ಹುಡುಕುತ್ತೇವೆ. ಮೋನೋಸೈಟ್‌ನಲ್ಲಿ ಬಣ್ಣ ಇಡೀ ಕಣಕ್ಕೆ ಹರಡಿಕೊಳ್ಳುತ್ತದೆ. ಟಿ ಲಿಂಫೋಸೈಟ್‌ನಲ್ಲಿ ಒಂದೆರಡು ಚುಕ್ಕೆಗಳಷ್ಟೇ. ಸೋಡಿಯಂ ಫ್ಲೋರೈಡ್ ಸೇರಿಸಿ ಇನ್ನೊಂದು ಸ್ಲೈಡ್ ಮಾಡಿದರೆ ಮೋನೋಸೈಟ್‌ನ ಬಣ್ಣ ಅಡಗುತ್ತದೆ. ಎರಡು ಸ್ಲೈಡ್ ಪಕ್ಕಪಕ್ಕ ಇಟ್ಟು ನೋಡದೆ ವರದಿ ಬರೆಯಬೇಡಿ.

ಲಿಂಫೋಸೈಟ್‌ನಲ್ಲಿ ಗ್ರ್ಯಾನ್ಯೂಲ್ ಇಲ್ಲವಲ್ಲ, ಕಿಣ್ವ ಎಲ್ಲಿರುತ್ತದೆ?

ಎಲ್ಲ ಲಿಂಫೋಸೈಟ್‌ಗಳಿಗೂ ಆ ಮಾತು ಸಲ್ಲದು. ಕೊಲ್ಲುವ ಟಿ ಕಣ ಮತ್ತು ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕಣಗಳಲ್ಲಿ ಗ್ರ್ಯಾನ್ಯೂಲ್‌ಗಳಿವೆ, ಅವುಗಳಲ್ಲಿ ಗ್ರ್ಯಾನ್‌ಜೈಮ್ ಎ, ಬಿ ಎಂಬ ಕಿಣ್ವಗಳಿವೆ. ಜೊತೆಗಿರುವ ಪರ್ಫೋರಿನ್ ವೈರಸ್ ಹೊಕ್ಕ ಕಣದ ಪೊರೆಗೆ ತೂತು ಕೊರೆಯುತ್ತದೆ, ಗ್ರ್ಯಾನ್‌ಜೈಮ್ ಒಳಗೆ ಹೋಗಿ ಆ ಕಣ ತಾನಾಗಿ ಸಾಯುವಂತೆ ಮಾಡುತ್ತದೆ. ಸ್ಮಿಯರ್‌ನಲ್ಲಿ, ಅಂದರೆ ಗಾಜಿನ ಮೇಲೆ ತೆಳುವಾಗಿ ಎಳೆದ ರಕ್ತದಲ್ಲಿ, ಕಾಣುವ ದೊಡ್ಡ ಗ್ರ್ಯಾನ್ಯುಲರ್ ಲಿಂಫೋಸೈಟ್‌ಗಳು ಇವೇ.

ಸೈಟೋಸಾಲಿನಲ್ಲಿ ಅಡೆನೋಸಿನ್ ಡಿಅಮಿನೇಸ್, ಎಡಿಎ. ಹುಟ್ಟಿನಿಂದ ಇದಿಲ್ಲದ ಮಗುವಿನಲ್ಲಿ ಲಿಂಫೋಸೈಟ್‌ಗಳು ಉಳಿಯುವುದೇ ಇಲ್ಲ, ರೋಗನಿರೋಧಕ ಶಕ್ತಿ ಪೂರ್ತಿ ಕುಸಿಯುತ್ತದೆ. ನಮ್ಮಲ್ಲಿ ಎಡಿಎ ಹೆಸರು ಹೆಚ್ಚು ಕೇಳಿಬರುವುದು ಎದೆಗೂಡಿನ ನೀರು ತೆಗೆದು ಕ್ಷಯದ ಪರೀಕ್ಷೆಗೆ ಕಳಿಸಿದಾಗ. ಲೀಟರಿಗೆ 40 ಯೂನಿಟ್‌ಗಿಂತ ಹೆಚ್ಚಿದ್ದು, ನೀರಿನಲ್ಲಿ ಲಿಂಫೋಸೈಟ್‌ಗಳೇ ಹೆಚ್ಚಿದ್ದರೆ ಕ್ಷಯದ ಶಂಕೆ ಬಲವಾಗುತ್ತದೆ. ಆದರೆ ಅಲ್ಲಿ ಏರಿರುವುದು ಬಹುಪಾಲು ಎಡಿಎ 2, ಅದು ಬರುವುದು ಮೋನೋಸೈಟ್ ಮತ್ತು ಮ್ಯಾಕ್ರೋಫೇಜ್‌ನಿಂದ. ಕೀವು ತುಂಬಿದ ಎಂಪೈಮಾದಲ್ಲೂ, ಲಿಂಫೋಮಾದಲ್ಲೂ ಎಡಿಎ ಏರುತ್ತದೆ, ಹಾಗಾಗಿ ಆ ನೀರಿನ ಕಣ ಎಣಿಕೆ ನೋಡದೆ ಸಂಖ್ಯೆಯೊಂದನ್ನೇ ನಂಬಬೇಡಿ.

ಇನ್ನು ಹೊರಪೊರೆ. ಫ್ಲೋ ಸೈಟೋಮೆಟ್ರಿ ವರದಿಯಲ್ಲಿ ಬರುವ ಸಿಡಿ ಸಂಖ್ಯೆಗಳು ಕಣದ ಗುರುತುಗಳ ಹೆಸರು; ಅವುಗಳಲ್ಲಿ ಕೆಲವು ಕಿಣ್ವಗಳೇ. ಸಿಡಿ10 ಅಂದರೆ ನೆಪ್ರಿಲೈಸಿನ್, ಸಿಡಿ13 ಅಮೈನೋಪೆಪ್ಟಿಡೇಸ್ ಎನ್, ಸಿಡಿ45 ಟೈರೋಸಿನ್ ಫಾಸ್ಫಟೇಸ್. ಸಿಡಿ26 ಎಂದರೆ ಡಿಪಿಪಿ 4. ಮನೆಯ ಹಿರಿಯರು ಸಕ್ಕರೆ ಕಾಯಿಲೆಗೆ ತೆಗೆದುಕೊಳ್ಳುವ ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ಮಾತ್ರೆಗಳು ತಡೆಯುವುದು ಇದೇ ಕಿಣ್ವವನ್ನು.

ಕೋಶಕೇಂದ್ರದಲ್ಲಿರುವ ಕಿಣ್ವಕ್ಕೂ ಲ್ಯಾಬ್‌ಗೂ ಏನು ಸಂಬಂಧ?

ಎಳೆಯ ಲಿಂಫೋಬ್ಲಾಸ್ಟ್‌ನ ಕೋಶಕೇಂದ್ರದಲ್ಲಿ ಟಿಡಿಟಿ ಎಂಬ ಕಿಣ್ವವಿದೆ. ಬಲಿತ ಲಿಂಫೋಸೈಟ್‌ನಲ್ಲಿ ಅದಿಲ್ಲ. ಮಕ್ಕಳ ರಕ್ತದ ಕ್ಯಾನ್ಸರ್ ಎಎಲ್‌ಎಲ್ ಎಂದು ಖಚಿತಪಡಿಸಲು ಅದನ್ನು ಹುಡುಕುತ್ತಾರೆ. ಹೊರಪೊರೆಯ ಗುರುತಿಗೆ ಹಾಕುವ ಪ್ರತಿಕಾಯ ಒಳಗೆ ಇಳಿಯುವುದಿಲ್ಲ. ಮೊದಲು ಕಣವನ್ನು ಫಿಕ್ಸ್ ಮಾಡಿ, ಅಂದರೆ ಇದ್ದಂತೆಯೇ ಗಟ್ಟಿಮಾಡಿ, ಪೊರೆಗೆ ತೂತು ಬೀಳಿಸುವ ದ್ರಾವಣ ಹಾಕಬೇಕು. ಆ ಹಂತ ಬಿಟ್ಟುಹೋದರೆ ಟಿಡಿಟಿ ಇದ್ದರೂ ಇಲ್ಲ ಎಂದೇ ಬರುತ್ತದೆ. ಗ್ರ್ಯಾನ್ಯೂಲ್‌ನೊಳಗಿನ ಎಂಪಿಒಗೂ ಇದೇ ನಿಯಮ.

ನ್ಯೂಟ್ರೋಫಿಲ್‌ನ ಕೋಶಕೇಂದ್ರದಲ್ಲಿರುವ ಪಿಎಡಿ 4, ಡಿಎನ್‌ಎ ಸುತ್ತಿಕೊಂಡ ಹಿಸ್ಟೋನ್‌ಗಳನ್ನು ಸಡಿಲಿಸುತ್ತದೆ. ಆಗ ಡಿಎನ್‌ಎ ಬಲೆಯಂತೆ ಹೊರಚೆಲ್ಲಿ, ಅದಕ್ಕೆ ಅಂಟಿದ ಎಲಾಸ್ಟೇಸ್, ಎಂಪಿಒ ಸಮೇತ ಬ್ಯಾಕ್ಟೀರಿಯಾವನ್ನು ಹಿಡಿಯುತ್ತದೆ. ಈ ಬಲೆ ಬೆಳಕಿಗೆ ಬಂದದ್ದು 2004ರಲ್ಲಿ.

ಎಂಪಿಒ ಸ್ಟೇನ್ ಸರಿಯಾಗಿ ಬರುತ್ತಿಲ್ಲ. ತಪ್ಪು ಎಲ್ಲಾಗುತ್ತಿದೆ?

ಸಾಮಾನ್ಯವಾಗಿ ಕಿಣ್ವ ಸ್ಲೈಡಿನ ಮೇಲೇ ಸತ್ತಿರುತ್ತದೆ. ಬೆಳಕು ಬೀಳುವ ಮೇಜಿನ ಮೇಲೆ ಸ್ಮಿಯರ್ ದಿನಗಟ್ಟಲೆ ಬಿದ್ದಿದ್ದರೆ ಎಂಪಿಒ ಕುಂದುತ್ತದೆ. ಹೊಸ ಸ್ಮಿಯರ್ ಮಾಡಿ, ಕೂಡಲೇ ಆಗದಿದ್ದರೆ ಕತ್ತಲ ಡಬ್ಬಿಯಲ್ಲಿಡಿ. ಮೆಥನಾಲ್‌ನಲ್ಲಿ ಬಹಳ ಹೊತ್ತು ಬಿಟ್ಟರೂ ಕಿಣ್ವ ಕೆಡುತ್ತದೆ. ಫಾರ್ಮಾಲ್ ಅಸಿಟೋನ್‌ನಲ್ಲಿ ಒಂದು ನಿಮಿಷದೊಳಗೆ ಫಿಕ್ಸ್ ಮುಗಿಸಿ.

ಎರಡನೆಯ ಕಾರಣ ಹೈಡ್ರೋಜನ್ ಪೆರಾಕ್ಸೈಡ್. ಹಳೆಯ ಬಾಟಲಿಯದಾದರೆ ಶಕ್ತಿ ಹೋಗಿರುತ್ತದೆ. ಜಾಸ್ತಿ ಹಾಕಿದರೆ ಬಣ್ಣ ಜಾಸ್ತಿ ಬರುತ್ತದೆ ಎಂದುಕೊಂಡು ಸುರಿದರೆ ಪೆರಾಕ್ಸೈಡೇ ಕಿಣ್ವವನ್ನು ಕೊಲ್ಲುತ್ತದೆ. ಪ್ರತಿ ಸಲ ಹೊಸದಾಗಿ ಬೆರೆಸಿ. ಮೊದಲು ಬಣ್ಣಕ್ಕೆ ಬಳಸುತ್ತಿದ್ದ ಬೆಂಜಿಡಿನ್ ಕ್ಯಾನ್ಸರ್ ತರುವ ವಸ್ತುವಾದ್ದರಿಂದ ಅದನ್ನು ಕೈಬಿಡಲಾಗಿದೆ. ಈಗ ಬಳಸುವ ಡಿಎಬಿಯನ್ನೂ ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ರಕ್ತದ ಕ್ಯಾನ್ಸರಿನ ಶಂಕೆಯಲ್ಲಿ ನೂರು ಬ್ಲಾಸ್ಟ್‌ಗಳಲ್ಲಿ, ಅಂದರೆ ಬಲಿಯದ ಎಳೆಯ ಕಣಗಳಲ್ಲಿ, 3 ಅಥವಾ ಹೆಚ್ಚು ಬಣ್ಣ ಹಿಡಿದರೆ ಮೈಲಾಯ್ಡ್ ಜಾತಿ, ಲಿಂಫೋಸೈಟ್ ಸಾಲಿನದಲ್ಲ, ಎಂದು ಓದುತ್ತೇವೆ. ಅದೇ ಸ್ಲೈಡಿನ ಬಲಿತ ನ್ಯೂಟ್ರೋಫಿಲ್‌ಗಳು ಕಂದಾಗಿವೆಯೇ ಎಂದು ಮೊದಲು ನೋಡಿ. ಅವೂ ಖಾಲಿಯಿದ್ದರೆ ಸ್ಟೇನ್ ಕೈಕೊಟ್ಟಿರಬಹುದು, ಇಲ್ಲವೇ ರೋಗಿಯ ನ್ಯೂಟ್ರೋಫಿಲ್‌ಗಳಲ್ಲೇ ಎಂಪಿಒ ಇಲ್ಲದಿರಬಹುದು. ಆರೋಗ್ಯವಂತರ ರಕ್ತದ ಸ್ಲೈಡನ್ನು ಜೊತೆಗೇ ಸ್ಟೇನ್ ಮಾಡಿದ್ದರೆ ಮಾತ್ರ ಇವೆರಡರಲ್ಲಿ ಯಾವುದೆಂದು ಗೊತ್ತಾಗುವುದು.

ಹುಟ್ಟಿನಿಂದ ಎಂಪಿಒ ಇಲ್ಲದವರಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಇರುತ್ತಾರೆ; ಜೊತೆಗೆ ಸಕ್ಕರೆ ಕಾಯಿಲೆ ಇದ್ದರೆ ಕ್ಯಾಂಡಿಡಾ ಫಂಗಸ್ ಕಾಡಬಹುದು. ಪೆರಾಕ್ಸಿಡೇಸ್ ನೋಡಿ ಕಣ ಎಣಿಸುವ ಯಂತ್ರಗಳು ಇವರ ನ್ಯೂಟ್ರೋಫಿಲ್‌ಗಳನ್ನು ಗುರುತಿಸದೆ, ಸಂಖ್ಯೆ ತೀರಾ ಕಡಿಮೆ ಎಂದು ತೋರಿಸುತ್ತವೆ. ಗಾಬರಿಯಾಗುವ ಮೊದಲು ಕೈಯಲ್ಲಿ ಸ್ಮಿಯರ್ ಎಳೆದು ನೋಡಿ.

ಎಲ್‌ಎಪಿ ಸ್ಕೋರಿಗೆ ಇಡಿಟಿಎ ಟ್ಯೂಬ್ ಬೇಡ ಎನ್ನುವುದೇಕೆ?

ಎಲ್‌ಎಪಿ ಅಂದರೆ ಲ್ಯೂಕೋಸೈಟ್ ಆಲ್ಕಲೈನ್ ಫಾಸ್ಫಟೇಸ್, ನ್ಯೂಟ್ರೋಫಿಲ್‌ನ ಕಿರುಚೀಲಗಳಲ್ಲಿರುವುದು. ಅದು ಕೆಲಸ ಮಾಡಲು ಸತು ಮತ್ತು ಮೆಗ್ನೀಷಿಯಂ ಬೇಕು, ರಕ್ತ ಹೆಪ್ಪುಗಟ್ಟದಂತೆ ಟ್ಯೂಬಿಗೆ ಹಾಕಿರುವ ಇಡಿಟಿಎ ಅವೆರಡನ್ನೂ ಕಿತ್ತುಕೊಳ್ಳುತ್ತದೆ. ಬೆರಳು ಚುಚ್ಚಿ ನೇರವಾಗಿ ಸ್ಮಿಯರ್ ಎಳೆಯಿರಿ ಅಥವಾ ಹೆಪಾರಿನ್ ರಕ್ತ ಬಳಸಿ, ಕೆಲವೇ ಗಂಟೆಗಳಲ್ಲಿ ಸ್ಟೇನ್ ಮಾಡಿ. ನೂರು ನ್ಯೂಟ್ರೋಫಿಲ್ ಎಣಿಸಿ ಒಂದೊಂದಕ್ಕೂ 0ಯಿಂದ 4 ಅಂಕ ಕೊಟ್ಟು ಕೂಡಬೇಕು, ಒಟ್ಟು 400ರವರೆಗೆ ಹೋಗಬಹುದು. ಸಾಮಾನ್ಯವಾಗಿ 20ರಿಂದ 100ರ ನಡುವೆ, ಆದರೆ ನಿಮ್ಮ ಲ್ಯಾಬಿನ ಮಿತಿಯನ್ನು ನೀವೇ ಹಾಕಿಕೊಳ್ಳಬೇಕು. ತುಂಬು ಗರ್ಭಿಣಿಯರಲ್ಲಿ ಈ ಕಿಣ್ವ ಏರಿರುತ್ತದೆ, ಅವರ ರಕ್ತದ ಸ್ಮಿಯರ್ ಒಳ್ಳೆಯ ಕಂಟ್ರೋಲ್.

ಸೋಂಕಿನಿಂದ ಟಿಸಿ ಏರಿದ್ದರೆ ಸ್ಕೋರ್ ಹೆಚ್ಚು, ಸಿಎಂಎಲ್ ಎಂಬ ರಕ್ತದ ಕ್ಯಾನ್ಸರಿನಲ್ಲಿ ಕಡಿಮೆ. ಕೆಂಪು ಕಣಗಳು ಒಡೆಯುವ ಪಿಎನ್‌ಎಚ್ ರೋಗದಲ್ಲೂ ಕಡಿಮೆ, ಅಲ್ಲಿ ಕಾರಣ ಬೇರೆ: ಕಿಣ್ವವನ್ನು ಪೊರೆಗೆ ಕಟ್ಟುವ ಜಿಪಿಐ ಕೊಂಡಿಯೇ ಇಲ್ಲ. ಸಿಎಂಎಲ್ ಖಚಿತಪಡಿಸಲು ಈಗ ಬಿಸಿಆರ್ ಎಬಿಎಲ್ ಎಂಬ ಜೀನ್ ಹುಡುಕುವ ಪಿಸಿಆರ್ ಪರೀಕ್ಷೆ ಬೇಕೇ ಬೇಕು.

ಪಿ ಆಂಕಾ ವರದಿಯಲ್ಲಿ ಎಂಪಿಒ ಕೋಶಕೇಂದ್ರದ ಸುತ್ತ ಇದೆಯಂತೆ. ಅದು ಗ್ರ್ಯಾನ್ಯೂಲ್‌ನಲ್ಲಿ ತಾನೇ ಇರುವುದು?

ಒಳ್ಳೆಯ ಪ್ರಶ್ನೆ, ಮತ್ತು ನಿಮ್ಮ ಅನುಮಾನ ಸರಿ. ಜೀವಂತ ಕಣದಲ್ಲಿ ಅದು ಗ್ರ್ಯಾನ್ಯೂಲ್‌ನಲ್ಲೇ ಇದೆ. ಆಂಕಾ ಎಂದರೆ ನಮ್ಮದೇ ನ್ಯೂಟ್ರೋಫಿಲ್‌ನ ಪ್ರೋಟೀನ್‌ಗಳಿಗೆ ಅಂಟುವ ಪ್ರತಿಕಾಯ. ಅದನ್ನು ಹುಡುಕುವ ಪರೀಕ್ಷೆಗೆ ನ್ಯೂಟ್ರೋಫಿಲ್‌ಗಳನ್ನು ಎಥನಾಲ್‌ನಲ್ಲಿ ಫಿಕ್ಸ್ ಮಾಡುತ್ತಾರೆ, ಆಗ ಗ್ರ್ಯಾನ್ಯೂಲ್‌ನ ಪೊರೆ ಕರಗುತ್ತದೆ. ಧನವಿದ್ಯುತ್ತಿನ ಎಂಪಿಒ ಹೊರಬಂದು ಋಣವಿದ್ಯುತ್ತಿನ ಕೋಶಕೇಂದ್ರಕ್ಕೆ ಹೋಗಿ ಅಂಟುತ್ತದೆ, ಅದು ಪಿ ಆಂಕಾ. ಪ್ರೋಟೀನೇಸ್ 3 ಹಾಗೆ ಸರಿಯದೆ ಕೋಶದಲ್ಲೇ ಹರಡಿ ಕಾಣುತ್ತದೆ, ಅದು ಸಿ ಆಂಕಾ. ಅದೇ ಕಣಗಳನ್ನು ಫಾರ್ಮಲಿನ್‌ನಲ್ಲಿ ಫಿಕ್ಸ್ ಮಾಡಿದರೆ ಎಂಪಿಒ ತನ್ನ ಜಾಗದಲ್ಲೇ ಕಾಣುತ್ತದೆ. ಕೋಶಕೇಂದ್ರಕ್ಕೇ ಅಂಟುವ ಎಎನ್‌ಎ ಪ್ರತಿಕಾಯ ಇರುವ ರೋಗಿಯಲ್ಲಿ ಪಿ ಆಂಕಾ ಎಂದು ತಪ್ಪು ತಿಳಿಯುವ ಸಂಭವ ಇರುವುದರಿಂದ ಎಂಪಿಒ ಮತ್ತು ಪ್ರೋಟೀನೇಸ್ 3ಗೆ ಪ್ರತ್ಯೇಕ ಎಲಿಸಾ ಮಾಡಿಸಬೇಕು.

ಮೂತ್ರದ ಸ್ಟ್ರಿಪ್ಪಿನಲ್ಲಿ ಲ್ಯೂಕೋಸೈಟ್ ಪಾಸಿಟಿವ್, ಮೈಕ್ರೋಸ್ಕೋಪಿನಲ್ಲಿ ಕೀವು ಕಣ ಇಲ್ಲ. ಯಾವುದು ಸರಿ?

ಎರಡೂ ಸರಿ ಇರಬಹುದು. ಸ್ಟ್ರಿಪ್ ಕಣವನ್ನು ಎಣಿಸುವುದಿಲ್ಲ, ನ್ಯೂಟ್ರೋಫಿಲ್‌ನ ಅಜುರೋಫಿಲ್ ಗ್ರ್ಯಾನ್ಯೂಲ್‌ನ ಎಸ್ಟರೇಸನ್ನು ಹಿಡಿಯುತ್ತದೆ. ಮೂತ್ರ ಎರಡು ಮೂರು ಗಂಟೆ ಹೊರಗಿದ್ದರೆ, ಅಥವಾ ತೆಳ್ಳಗಿದ್ದರೆ, ಕಣಗಳು ಒಡೆದುಹೋಗುತ್ತವೆ. ಕಿಣ್ವ ಮಾತ್ರ ಉಳಿದಿರುತ್ತದೆ. ಹೆಂಗಸರಲ್ಲಿ ಬಿಳಿಸೆರಗು ಬೆರೆತರೂ ಪಾಸಿಟಿವ್ ಬರುತ್ತದೆ, ಆದ್ದರಿಂದ ನಡುಧಾರೆಯ ಮೂತ್ರವನ್ನೇ ಹಿಡಿಯಲು ಹೇಳಿ. ಉಲ್ಟಾ ತಪ್ಪೂ ಇದೆ. ವಿಟಮಿನ್ ಸಿ ಮಾತ್ರೆ ಹೆಚ್ಚು ತಿಂದಿದ್ದರೆ, ಮೂತ್ರದಲ್ಲಿ ಸಕ್ಕರೆ ಬಹಳ ಇದ್ದರೆ, ಮೂತ್ರ ತುಂಬಾ ಗಟ್ಟಿಯಿದ್ದರೆ ಕಣವಿದ್ದೂ ನೆಗೆಟಿವ್ ಬರಬಹುದು.

ಸ್ಟ್ರಿಪ್ಪಿನ ಲ್ಯೂಕೋಸೈಟ್ ಚೌಕವನ್ನು 2 ನಿಮಿಷಕ್ಕೆ ಓದಬೇಕು, ಸಕ್ಕರೆಯ ಚೌಕದ ಜೊತೆಗೇ ಓದಿ ಎಸೆಯಬಾರದು. ಸಕಲೇಶಪುರ, ಮೂಡಿಗೆರೆ ಕಡೆ ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಅರೆ ತೆರೆದಿಟ್ಟರೆ ತೇವ ಎಳೆದುಕೊಂಡು ಇಡೀ ಡಬ್ಬಿಯ ಸ್ಟ್ರಿಪ್‌ಗಳು ಕೆಡುತ್ತವೆ. ತೇವ ಹೀರುವ ಪೊಟ್ಟಣವನ್ನು ತೆಗೆದು ಬಿಸಾಡಬೇಡಿ, ಡಬ್ಬಿಯನ್ನು ಫ್ರಿಜ್ಜಿನಲ್ಲೂ ಇಡಬೇಡಿ.

ಟಿಸಿ ಲಕ್ಷ ದಾಟಿದವರ ರಕ್ತದ ಸಕ್ಕರೆ ತೀರಾ ಕಡಿಮೆ ಬರುವುದೇಕೆ?

ಸೈಟೋಸಾಲಿನಲ್ಲಿರುವ ಸಕ್ಕರೆ ಒಡೆಯುವ ಕಿಣ್ವಗಳು ಟ್ಯೂಬಿನಲ್ಲೂ ಕೆಲಸ ನಿಲ್ಲಿಸುವುದಿಲ್ಲ. ಮಾಮೂಲಿ ರಕ್ತದಲ್ಲೇ ಗಂಟೆಗೆ ನೂರಕ್ಕೆ 5ರಿಂದ 7ರಷ್ಟು ಗ್ಲೂಕೋಸ್ ಇಳಿಯುತ್ತದೆ, ಲ್ಯುಕೇಮಿಯಾದಲ್ಲಿ ಇನ್ನೂ ವೇಗ. ಬೂದು ಮುಚ್ಚಳದ ಟ್ಯೂಬಿನ ಫ್ಲೋರೈಡ್ ಇನೋಲೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ಆದರೆ ಇನೋಲೇಸ್ ಇರುವುದು ಸರಪಳಿಯ ಕೊನೆಯ ಕಡೆಗೆ, ಅದಕ್ಕಿಂತ ಹಿಂದಿನ ಹಂತಗಳು ಒಂದೆರಡು ಗಂಟೆ ನಡೆಯುತ್ತಲೇ ಇರುತ್ತವೆ. ರೋಗಿ ಚೆನ್ನಾಗಿ ಮಾತಾಡಿಕೊಂಡಿದ್ದು ವರದಿಯಲ್ಲಿ ಸಕ್ಕರೆ 30 ಎಂದಿದ್ದರೆ ಗ್ಲುಕೋಮೀಟರಿನಲ್ಲಿ ಬೆರಳ ರಕ್ತ ನೋಡಿ, ಹೊಸ ರಕ್ತ ತೆಗೆದು ಕೂಡಲೇ ಪ್ಲಾಸ್ಮಾ ಬೇರ್ಪಡಿಸಿ.

ಮಗುವಿಗೆ ಗೌಷರ್, ಪಾಂಪೆಯಂಥ ಕಾಯಿಲೆಯ ಶಂಕೆಯಿದೆ. ರಕ್ತ ಬೆಂಗಳೂರಿಗೆ ಹೇಗೆ ಕಳಿಸಬೇಕು?

ಇವು ಲೈಸೋಸೋಮಿನ ಒಂದು ಕಿಣ್ವ ಇಲ್ಲದೆ ಬರುವ ಕಾಯಿಲೆಗಳು. ಗೌಷರ್‌ನಲ್ಲಿ ಬೀಟಾ ಗ್ಲುಕೋಸಿಡೇಸ್, ಪಾಂಪೆಯಲ್ಲಿ ಆಸಿಡ್ ಆಲ್ಫಾ ಗ್ಲುಕೋಸಿಡೇಸ್, ಟೇ ಸ್ಯಾಕ್ಸ್‌ನಲ್ಲಿ ಹೆಕ್ಸೋಸಮಿನಿಡೇಸ್ ಎ. ಬಲಿತ ಕೆಂಪು ಕಣದಲ್ಲಿ ಲೈಸೋಸೋಮೇ ಇಲ್ಲ, ಹಾಗಾಗಿ ಬಿಳಿಕಣ ಬೇಕು. ಸೋದರಮಾವನ ಜೊತೆಗೋ ಅತ್ತೆ ಮಗನ ಜೊತೆಗೋ ಮದುವೆಯಾದ ಮನೆಗಳಲ್ಲಿ ಇಂಥ ಕಾಯಿಲೆಯ ಸಂಭವ ಹೆಚ್ಚು, ಆ ವಿವರವನ್ನು ಫಾರ್ಮಿನಲ್ಲಿ ಬರೆಯಿರಿ.

ಪರೀಕ್ಷೆ ಮಾಡುವ ಲ್ಯಾಬ್ ಹೇಳಿದ ಟ್ಯೂಬನ್ನೇ ಬಳಸಿ, ಸಾಮಾನ್ಯವಾಗಿ ಹೆಪಾರಿನ್ ಅಥವಾ ಇಡಿಟಿಎ, 5ರಿಂದ 10 ಎಂಎಲ್. ತೆಗೆದ ಕೂಡಲೇ ಎಂಟು ಹತ್ತು ಸಲ ಮೆಲ್ಲಗೆ ಮಗುಚಿ, ಕುಲುಕಬೇಡಿ. ಮಂಗನ ಕಾಯಿಲೆಯಂಥ ವೈರಲ್ ಜ್ವರದಲ್ಲಿ ಟಿಸಿ ಕುಸಿದಿದ್ದರೆ ಸಾಕಷ್ಟು ಬಿಳಿಕಣ ಸಿಗುವುದಿಲ್ಲ, ಜ್ವರ ಇಳಿದ ಮೇಲೆ ತೆಗೆಯುವುದು ಒಳ್ಳೆಯದು. ಇತ್ತೀಚೆಗೆ ಮಗುವಿಗೆ ರಕ್ತ ಕೊಟ್ಟಿದ್ದರೆ ತಪ್ಪದೆ ತಿಳಿಸಿ, ದಾನಿಯ ಬಿಳಿಕಣಗಳು ಕಾಯಿಲೆಯನ್ನು ಮುಚ್ಚಿಡಬಹುದು.

ರಕ್ತವನ್ನು ಫ್ರೀಜರಿನಲ್ಲಿ ಇಡಲೇಬೇಡಿ. ಮಂಜುಗಟ್ಟಿದರೆ ಕಣಗಳು ಒಡೆದು, ಗ್ರ್ಯಾನ್ಯೂಲ್‌ನ ಪ್ರೋಟೀನ್ ಕತ್ತರಿಸುವ ಕಿಣ್ವಗಳು ಉಳಿದೆಲ್ಲವನ್ನೂ ಹಾಳುಮಾಡುತ್ತವೆ. ಬಿಳಿಕಣ ಬೇರ್ಪಡಿಸಲೂ ಬಾರದು. ಐಸ್‌ಪ್ಯಾಕಿಗೆ ಟ್ಯೂಬ್ ನೇರವಾಗಿ ತಾಗದಂತೆ ನಡುವೆ ಹತ್ತಿಯೋ ಬಟ್ಟೆಯೋ ಇಟ್ಟು, 24 ಗಂಟೆಯೊಳಗೆ ತಲುಪಿಸಿ. ಹಾಸನದಿಂದ ಬೆಂಗಳೂರಿಗೆ ಸುಮಾರು 180 ಕಿಲೋಮೀಟರ್, ಚಿಕ್ಕಮಗಳೂರಿನಿಂದ ಸುಮಾರು 245. ದೂರಕ್ಕಿಂತ ತೊಂದರೆ ಕೊಡುವುದು ದಿನ: ಶುಕ್ರವಾರ ಸಂಜೆ ಕಳಿಸಿದರೆ ಟ್ಯೂಬ್ ಸೋಮವಾರದವರೆಗೆ ಯಾರೂ ತೆರೆಯದೆ ಉಳಿಯಬಹುದು. ಸೋಮವಾರದಿಂದ ಬುಧವಾರದೊಳಗೆ, ಬೆಳಿಗ್ಗೆ ತೆಗೆದು ಅಂದೇ ಕಳಿಸಿ. ಸಕಲೇಶಪುರದಿಂದ ಮಂಗಳೂರಿಗೆ ಕಳಿಸುವವರು ಮಳೆಗಾಲದಲ್ಲಿ ಶಿರಾಡಿ ಘಾಟಿ ತೆರೆದಿದೆಯೇ ಎಂದು ಕೇಳಿಕೊಂಡೇ ರಕ್ತ ತೆಗೆಯಿರಿ.

ವರದಿ ಬಂದಾಗ ಎರಡು ಸಾಲು ನೋಡಿ. ಒಂದು, ಶಂಕೆಯ ಕಿಣ್ವದ ಚಟುವಟಿಕೆ. ಅದು ಒಂದು ಮಿಲಿಗ್ರಾಂ ಪ್ರೋಟೀನಿಗೆ ಗಂಟೆಗೆ ಇಷ್ಟು ನ್ಯಾನೋಮೋಲ್ ಎಂದಿರುತ್ತದೆ. ಇನ್ನೊಂದು, ಅದೇ ರಕ್ತದಲ್ಲಿ ಹೋಲಿಕೆಗೆ ನೋಡಿದ ಬೇರೊಂದು ಲೈಸೋಸೋಮ್ ಕಿಣ್ವ. ಎರಡೂ ಕಡಿಮೆಯಿದ್ದರೆ ರಕ್ತ ದಾರಿಯಲ್ಲಿ ಕೆಟ್ಟಿದೆ ಎಂದು ಮೊದಲು ಅನುಮಾನಿಸಿ, ಮತ್ತೆ ತೆಗೆದು ಕಳಿಸಿ. ಪಾಂಪೆ ಪರೀಕ್ಷೆಯಾದರೆ ಅಕಾರ್ಬೋಸ್ ಸೇರಿಸಿ ಮಾಡಿದ್ದಾರೆಯೇ ಎಂದು ಕೇಳಿ. ಸೇರಿಸದಿದ್ದರೆ ನ್ಯೂಟ್ರೋಫಿಲ್‌ನ ಇನ್ನೊಂದು ಗ್ಲುಕೋಸಿಡೇಸ್ ಮಧ್ಯೆ ಬಂದು, ಕಾಯಿಲೆಯಿರುವ ಮಗುವಿನ ವರದಿಯೂ ಸರಿಯಿದೆ ಎಂದು ಬರಬಹುದು.